ಹಂಪನಕಟ್ಟೆಯ ಮ್ಯಾಚಿಂಗ್ ಸೆಂಟರ್ ಒಂದು ಮಾಲ್‌ಗೆ ಹೋಗಿ ವಾಪಸ್ ಬಂದದ್ದು

ಮಾಲ್ ಒಳ್ಳೆಯದಾ, ಹಳೆ ಪೇಟೆ ಒಳ್ಳೆಯದಾ ಅಂತ ಮಂಗಳೂರಿನಲ್ಲಿ ಮಾತು ಬಂದಾಗಲೆಲ್ಲ ನನಗೆ ನಮ್ಮ ಮಾವನ ಅಂಗಡಿ ನೆನಪಾಗುತ್ತದೆ. ಈ ಬಗ್ಗೆ ಮಾತಾಡುವವರಲ್ಲಿ ಹೆಚ್ಚಿನವರು ಗಿರಾಕಿಯಾಗಿ ಮಾತಾಡುತ್ತಾರೆ. ಎಲ್ಲಿ ಪಾರ್ಕಿಂಗ್ ಸಿಗುತ್ತದೆ, ಎಲ್ಲಿ ಎಸಿ ಉಂಟು, ಎಲ್ಲಿ ರೇಟ್ ಕಡಿಮೆ ಅಂತ. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನೋಡಿದ್ದನ್ನು ಬರೆಯುತ್ತೇನೆ.

ಮಾವನದು ಹಳೆ ಪೇಟೆಯ ಹಂಪನಕಟ್ಟೆಯಿಂದ ಸೆಂಟ್ರಲ್ ಮಾರ್ಕೆಟ್ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮ್ಯಾಚಿಂಗ್ ಸೆಂಟರ್. ಬ್ಲೌಸ್ ಪೀಸ್, ಲೈನಿಂಗ್, ಫಾಲ್, ಲೇಸ್, ಹುಕ್, ಗುಂಡಿ, ನೂಲು. ಅಷ್ಟೇ. 2016ರಲ್ಲಿ ಅವರು ಊರಿನ ಒಂದು ಮಾಲ್‌ನಲ್ಲಿ ಎರಡನೇ ಅಂಗಡಿ ತೆರೆದರು. 2019ರಲ್ಲಿ ಮುಚ್ಚಿದರು. ಆ ಮೂರು ವರ್ಷ ಎರಡೂ ಕಡೆಯ ಲೆಕ್ಕ ಬರೆದವಳು ನಾನು. ಯಾವ ಮಾಲ್ ಅಂತ ಹೇಳುವುದಿಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ಅವರು ನಮಗೆ ಮೋಸ ಮಾಡಿಲ್ಲ. ಅಗ್ರಿಮೆಂಟ್‌ನಲ್ಲಿ ಏನು ಬರೆದಿತ್ತೋ ಹಾಗೆಯೇ ನಡೆದುಕೊಂಡರು.

ಮೊದಲು ಹಳೆ ಅಂಗಡಿ ಆಗ ಹೇಗೆ ನಡೆಯುತ್ತಿತ್ತು ಅಂತ ಹೇಳಬೇಕು. ಬಿ.ಸಿ. ರೋಡಿನಿಂದಲೋ ಮುಲ್ಕಿಯಿಂದಲೋ ತಲಪಾಡಿಯಿಂದಲೋ ಒಬ್ಬ ಹೆಂಗಸು ಬೆಳಗ್ಗೆ ಬಸ್ಸು ಹತ್ತುತ್ತಾರೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾರೆ. ಲೇಡಿಗೋಶನ್ ಹೆರಿಗೆ ಆಸ್ಪತ್ರೆಯಲ್ಲಿ ಸೊಸೆಯನ್ನು ನೋಡಬೇಕು, ಅಥವಾ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕು. ಆಮೇಲೆ ಬ್ಯಾಂಕ್. ಸರದ ಕೊಂಡಿ ಕಿತ್ತುಹೋಗಿದೆ, ಅದನ್ನು ಸರಿಮಾಡಿಸಬೇಕು. ಕೈಚೀಲದಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಸೀರೆ ಇರುತ್ತದೆ, ಅದಕ್ಕೆ ಬ್ಲೌಸ್ ಪೀಸ್ ಬೇಕು. ಪೀಸ್ ತಗೊಂಡು ಮೇಲಿನ ಮಾಳಿಗೆಯ ಟೈಲರ್‌ಗೆ ಕೊಟ್ಟು, ಮಾರ್ಕೆಟಿಗೆ ಹೋಗಿ ಬಸಳೆಯೋ ಮೀನೋ ತಗೊಂಡು, ಮಧ್ಯಾಹ್ನದ ಬಸ್ಸಿಗೆ ವಾಪಸ್. ನಮ್ಮ ಕಡೆ ಇದಕ್ಕೆ "ಪೇಟೆಗೆ ಹೋಗಿ ಬರ್ತೇನೆ" ಅಂತ ಹೇಳುತ್ತಾರೆ. ಒಂದು ಬಸ್ ಟಿಕೆಟಿನಲ್ಲಿ ಐದಾರು ಕೆಲಸ. ಮಾವನ ಅಂಗಡಿಗೆ ಅಂತಲೇ ಮನೆಯಿಂದ ಹೊರಟವರು ಬಹಳ ಕಡಿಮೆ. ಬೇರೆ ಕೆಲಸಕ್ಕೆ ಬಂದವರ ದಾರಿಯಲ್ಲಿ ಅಂಗಡಿ ಇತ್ತು, ಅದೇ ಅದರ ಬಂಡವಾಳ.

ಇದು ಆಗ ನಮಗೆ ಅರ್ಥವಾಗಿರಲಿಲ್ಲ. ಅತ್ತೆ ಬಣ್ಣ ಸರಿಯಾಗಿ ಹೊಂದಿಸಿ ಕೊಡುತ್ತಾರೆ, ಸಾಮಾನು ಚೆನ್ನಾಗಿದೆ, ಹಾಗಾಗಿ ಜನ ಹುಡುಕಿಕೊಂಡು ಬರುತ್ತಾರೆ ಅಂತ ನಾವು ನಂಬಿದ್ದೆವು.

ಮಾಲ್‌ಗೆ ಹೋಗಲು ಮಾವನಿಗೆ ಕಾರಣಗಳಿದ್ದವು. ಹಂಪನಕಟ್ಟೆಯಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲ. ಕಾರಿನಲ್ಲಿ ಬರುವ ಗಿರಾಕಿಗಳು ಕಡಿಮೆಯಾಗುತ್ತಿದ್ದರು. ಭಾನುವಾರ ಪೇಟೆಯಲ್ಲಿ ಅರ್ಧಕ್ಕರ್ಧ ಅಂಗಡಿ ಬಾಗಿಲು ಹಾಕಿರುತ್ತದೆ, ಅದೇ ದಿನ ಮಾಲ್ ತುಂಬಿ ತುಳುಕುತ್ತದೆ. ಮತ್ತೆ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಜಡಿಮಳೆ ಹಿಡಿದ ದಿನ ಅಂಗಡಿಯೊಳಗೆ ಮೂರೇ ಮೂರು ಜನ, ಅವರ ಕೊಡೆಯಿಂದ ನೀರು ಇಳಿದು ರೂಬಿಯಾ ಬ್ಲೌಸ್ ಬಟ್ಟೆಯ ಥಾನಿನ (ಸುರುಳಿಯ) ಮೇಲೆ ಬಿದ್ದರೆ ಅತ್ತೆಗೆ ಜೀವ ಹೋದ ಹಾಗೆ. "ನಾವು ಮಾಡಿದ್ದು ಸಾಕು, ಮಕ್ಕಳಿಗಾದರೂ ಒಂದು ಒಳ್ಳೆ ಜಾಗ ಬೇಡವಾ?" ಅಂತ ಮಾವ ಹೇಳಿದ್ದು ನನಗೆ ಈಗಲೂ ನೆನಪುಂಟು. ಆಸೆಬುರುಕತನ ಇರಲಿಲ್ಲ ಅದರಲ್ಲಿ.

ಈಗ ಲೆಕ್ಕ. ಮಾಲ್ ಅಂಗಡಿ ಹಿಡಿಯುವವರು ಓದಲಿ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮಗೆ ಒಳಗೆ ಸಿಕ್ಕಿದ ಜಾಗ 180 ಚದರ ಅಡಿ. ಬಾಡಿಗೆ ಕಟ್ಟಿದ್ದು 300 ಚದರ ಅಡಿಗೆ. ಕಾರಿಡಾರ್, ಲಿಫ್ಟ್, ಎಸ್ಕಲೇಟರ್, ಎಲ್ಲದರ ಪಾಲನ್ನು ಪ್ರತಿ ಅಂಗಡಿಯ ಮೇಲೆ ಹಂಚುತ್ತಾರೆ. ಅದಕ್ಕೇ ಸೂಪರ್ ಬಿಲ್ಟ್-ಅಪ್ ಅನ್ನುವುದು. ಮಾವ ಇದನ್ನು ಟೇಪ್ ಹಿಡಿದು ಅಳೆದ ಮೇಲೆಯೇ ನಂಬಿದ್ದು. ಚದರ ಅಡಿಗೆ 110 ರೂಪಾಯಿಯ ಲೆಕ್ಕದಲ್ಲಿ ಬಾಡಿಗೆ 33,000. ಅದರ ಮೇಲೆ ಕ್ಯಾಮ್ ಚಾರ್ಜ್, ಅಂದರೆ ಗುಡಿಸುವುದು, ಒರೆಸುವುದು, ಸೆಕ್ಯೂರಿಟಿ, ಎಸಿ ಇವಕ್ಕೆಲ್ಲ, ಚದರ ಅಡಿಗೆ 18 ರೂಪಾಯಿ. ಅದು 5,400. ಎರಡೂ ಸೇರಿ 38,400. ಮೊದಲ ವರ್ಷ ಇದರ ಮೇಲೆ 15% ಸೇವಾ ತೆರಿಗೆ ಇತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು 18% ಆಯಿತು, ಅಂದರೆ ಇನ್ನೂ 6,912 ರೂಪಾಯಿ. ಇಲ್ಲಿ ಒಂದು ವಿಷಯ ಸಣ್ಣ ವ್ಯಾಪಾರಿಗಳು ಗಮನಿಸಬೇಕು. ದೊಡ್ಡ ಬ್ರ್ಯಾಂಡ್ ಅಂಗಡಿಯವರು ಬಾಡಿಗೆಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ನಾವು ಇದ್ದದ್ದು ಕಾಂಪೊಸಿಷನ್ ಸ್ಕೀಮ್‌ನಲ್ಲಿ. ವ್ಯಾಪಾರದ ಮೇಲೆ 1% ಕಟ್ಟಿದರೆ ಮುಗಿಯಿತು, ಲೆಕ್ಕಪತ್ರದ ತಲೆನೋವು ಕಡಿಮೆ. ಆದರೆ ಕೊಟ್ಟ ಜಿಎಸ್‌ಟಿ ಒಂದು ಪೈಸೆಯೂ ವಾಪಸ್ ಸಿಗುವುದಿಲ್ಲ. ಅದೇ ಕಾರಿಡಾರ್, ಅದೇ ರೇಟ್ ಅಂದರೂ ನಮಗೆ ಬಿದ್ದ ಬಾಡಿಗೆ ಪಕ್ಕದವರಿಗಿಂತ ಜಾಸ್ತಿ.

ಬೆಳಗ್ಗೆ 10ರಿಂದ ರಾತ್ರಿ ಒಂಬತ್ತೂವರೆವರೆಗೆ, ವಾರದ ಏಳೂ ದಿನ ಬಾಗಿಲು ತೆರೆದಿರಲೇಬೇಕು. ಮುಚ್ಚಿದರೆ ದಂಡ. ಹಾಗಾಗಿ ಇಬ್ಬರು ಹುಡುಗಿಯರು, ಅವರ ಸಂಬಳ, ಕರೆಂಟ್ ಬಿಲ್. ಎಲ್ಲ ಸೇರಿ ತಿಂಗಳಿಗೆ ಸುಮಾರು 75 ಸಾವಿರ. ಮ್ಯಾಚಿಂಗ್ ಬಟ್ಟೆಯಲ್ಲಿ ನಮಗೆ ಉಳಿಯುತ್ತಿದ್ದದ್ದು ನೂರಕ್ಕೆ 28 ರೂಪಾಯಿ. ಅಂದರೆ ದಿನಕ್ಕೆ 9 ಸಾವಿರದ ವ್ಯಾಪಾರ ಆಗಬೇಕು, ಆಗ ನಷ್ಟ ಇಲ್ಲ ಅಷ್ಟೇ. ಒಂದು ಬಿಲ್ ಸರಾಸರಿ 160 ರೂಪಾಯಿ. ದಿನಕ್ಕೆ 56 ಬಿಲ್. ಆಗಿದ್ದು ಎಷ್ಟು? ವಾರದ ದಿನಗಳಲ್ಲಿ 20, ಶನಿವಾರ ಭಾನುವಾರ 45. ವ್ಯಾಪಾರದಲ್ಲಿ 12% ಪಾಲು ಅಥವಾ ನಿಗದಿಯಾದ ಬಾಡಿಗೆ, ಯಾವುದು ಜಾಸ್ತಿಯೋ ಅದು ಅಂತ ಅಗ್ರಿಮೆಂಟ್‌ನಲ್ಲಿತ್ತು. ಆ ಪಾಲಿನ ಮಾತು ಮೂರು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ. ಮೂರು ವರ್ಷ ಲಾಕ್-ಇನ್ ಇದ್ದದ್ದರಿಂದ ಮಧ್ಯದಲ್ಲಿ ಬಿಟ್ಟು ಬರುವ ಹಾಗೂ ಇರಲಿಲ್ಲ. ತಿಂಗಳಿಗೆ 35ರಿಂದ 40 ಸಾವಿರ ಹಳೆ ಅಂಗಡಿಯ ದುಡ್ಡನ್ನು ತಂದು ಹೊಸ ಅಂಗಡಿಗೆ ಹಾಕಿದೆವು.

ಹಳೆ ಅಂಗಡಿಯಲ್ಲಿ ಅದೇ ಹೊತ್ತಿಗೆ ದಿನಕ್ಕೆ 90 ಬಿಲ್ ಆಗುತ್ತಿತ್ತು. ಜುಲೈ-ಆಗಸ್ಟ್ ಹೊತ್ತಿನ, ತುಳುನಾಡಿನ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಆಗ ಸ್ವಲ್ಪ ಇಳಿಯುತ್ತದೆ. ಅದು ಮುಗಿದರೆ ಮತ್ತೆ ಏರುತ್ತದೆ.

ಬೆಳಕಿನ ಕಥೆ

ಬಾಡಿಗೆ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಯಾರೂ ಹೇಳದೇ ಇದ್ದದ್ದು ಬೆಳಕಿನ ವಿಷಯ.

ಪೇಟೆಯ ಅಂಗಡಿಯಲ್ಲಿ ಒಬ್ಬರು ಪಾಚಿ ಹಸಿರು ಸೀರೆ ತಂದರು ಅಂತಿಟ್ಟುಕೊಳ್ಳಿ. ಅತ್ತೆ ಥಾನು ಎಳೆದು ನಾಲ್ಕು ಹಸಿರು ಹಾಕುತ್ತಾರೆ. ಮೆಹಂದಿ, ರಾಮಾ ಗ್ರೀನ್, ಬಾಟಲ್ ಗ್ರೀನ್, ಇನ್ನೊಂದು. ಟ್ಯೂಬ್‌ಲೈಟಿನಲ್ಲಿ ಎರಡು ಒಂದೇ ಥರ ಕಾಣುತ್ತವೆ. ಆಗ ಅತ್ತೆ ಸೀರೆಯ ಸೆರಗನ್ನೂ ಎರಡು ಥಾನನ್ನೂ ಎತ್ತಿಕೊಂಡು ಮೆಟ್ಟಿಲಿಳಿದು ಹೊರಗೆ ಹೋಗುತ್ತಾರೆ. ಗಿರಾಕಿಯೂ ಹಿಂದೆಯೇ. ರಸ್ತೆಯ ಬಿಸಿಲಿಗೆ ಹಿಡಿದ ತಕ್ಷಣ ಒಂದು ಹಸಿರು ಬೇರೆಯಾಗಿ ನಿಲ್ಲುತ್ತದೆ. "ಇದು ಬೇಡ, ಇದು ಸರಿ" ಅಂತ ಅಲ್ಲೇ ತೀರ್ಮಾನ. ದಿನಕ್ಕೆ ಇಪ್ಪತ್ತು ಸಲ ಅತ್ತೆ ಹೀಗೆ ಇಳಿದು ಹತ್ತುತ್ತಾರೆ. ಎರಡು ಬಟ್ಟೆಗೆ ಬೇರೆ ಬೇರೆ ಡೈ ಹಾಕಿದ್ದರೆ ಒಂದು ಬೆಳಕಿನಲ್ಲಿ ಒಂದೇ ಬಣ್ಣ, ಇನ್ನೊಂದು ಬೆಳಕಿನಲ್ಲಿ ಬೇರೆ ಬಣ್ಣ ಕಾಣುವುದು ಸಹಜ. ಮ್ಯಾಚಿಂಗ್ ಕೆಲಸದಲ್ಲಿ ಬಿಸಿಲು ಒಂದು ಸಾಮಾನು, ಕತ್ತರಿ, ಮೀಟರ್ ಕೋಲು ಇದ್ದ ಹಾಗೆ.

ಮಾಲ್‌ನಲ್ಲಿ ನಮ್ಮ ಅಂಗಡಿಗೆ ಕಿಟಕಿ ಇರಲಿಲ್ಲ. ಹೊರಗೆ ಕಾರಿಡಾರ್, ಅಲ್ಲಿ ಹಳದಿ ಲೈಟು. ನಮ್ಮಲ್ಲಿ ಬಿಳಿ ಎಲ್‌ಇಡಿ. ಎದುರಿನ ಅಂಗಡಿಯ ಬೋರ್ಡಿನಿಂದ ಕೆಂಪು ಬೆಳಕು ಬೇರೆ ಬೀಳುತ್ತಿತ್ತು. ಬಾಗಿಲಿನ ಹತ್ತಿರ ಇಟ್ಟ ಥಾನೆಲ್ಲ ಸಂಜೆಗೆ ಒಂಥರಾ ಕಾಣುತ್ತಿತ್ತು. ರಾಣಿ ಬಣ್ಣದ ಪೀಸ್ ತಗೊಂಡು ಹೋದವರು ಮಾರನೇ ದಿನ ವಾಪಸ್ ಬಂದು "ಇದು ಸೀರೆಗೆ ಸೇರುವುದೇ ಇಲ್ಲ" ಅನ್ನುತ್ತಿದ್ದರು. ಕತ್ತರಿಸಿದ ಬಟ್ಟೆ ವಾಪಸ್ ತಗೊಂಡು ಏನು ಮಾಡುವುದು? ಆದರೂ ಅತ್ತೆ ತಗೊಳ್ಳುತ್ತಿದ್ದರು, ಮರ್ಯಾದೆಯ ಪ್ರಶ್ನೆ. ಹಗಲು ಬೆಳಕಿನ ಹಾಗಿರುವ ಟ್ಯೂಬ್ ಹಾಕಿಸಿ ನೋಡಿದೆವು. ಸ್ವಲ್ಪ ಸರಿಹೋಯಿತು, ಪೂರ್ತಿ ಇಲ್ಲ.

ಇನ್ನೊಂದು, ಟೈಲರ್. ಮಾಲ್‌ನಲ್ಲಿ ಬ್ಲೌಸ್ ಹೊಲಿಯುವವರು ಇಲ್ಲ. ಚದರ ಅಡಿಗೆ ಆ ಬಾಡಿಗೆ ಕೊಟ್ಟು ಯಾವ ಟೈಲರ್ ಮಿಷಿನ್ ಇಡುತ್ತಾರೆ? ಪೀಸ್ ತಗೊಂಡವರು ಹೊಲಿಸಲು ಮತ್ತೆ ಹಂಪನಕಟ್ಟೆಗೇ ಬರಬೇಕು. ಅಲ್ಲಿಗೆ ಬರುವುದೇ ಆದರೆ ಪೀಸನ್ನೂ ಅಲ್ಲೇ ತಗೊಳ್ಳುತ್ತಾರೆ ಅಲ್ವಾ? ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ನಾವು ಯಾರೂ ಇಷ್ಟು ಸಣ್ಣ ವಿಷಯ ಯೋಚಿಸಲಿಲ್ಲ. ಲೆಕ್ಕ ನೋಡುವವಳು ನಾನು, ನಾನಾದರೂ ಕೇಳಬೇಕಿತ್ತು. ಆ ಬೇಸರ ನನಗೆ ಇನ್ನೂ ಇದೆ.

ಮಾಲ್‌ಗೆ ಬಂದ ಜನ ಕೆಟ್ಟವರಲ್ಲ. ಅವರು ಬಂದದ್ದು ಬೇರೆ ಕಾರಣಕ್ಕೆ. ದೇರಳಕಟ್ಟೆಯ ಕಾಲೇಜು ಮಕ್ಕಳು ಸಿನಿಮಾಕ್ಕೆ, ಕಾಸರಗೋಡಿನ ಕಡೆಯ ಕುಟುಂಬಗಳು ಭಾನುವಾರ ಸುತ್ತಾಡಿ ಊಟ ಮಾಡಿಕೊಂಡು ಹೋಗಲಿಕ್ಕೆ. ಕೈಚೀಲದಲ್ಲಿ ಸೀರೆ ಇಟ್ಟುಕೊಂಡು ಸಿನಿಮಾಕ್ಕೆ ಯಾರು ಬರುತ್ತಾರೆ? ಕೈಯಲ್ಲಿ ಐಸ್‌ಕ್ರೀಂ ಹಿಡಿದು ನಮ್ಮ ಲೇಸ್‌ಗಳನ್ನು ನೋಡಿ "ಚಂದ ಉಂಟು" ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಸಾವಿರಾರು ಜನ ಬರುತ್ತಾರೆ ಅಂತ ಮಾಲ್‌ನವರು ಹೇಳಿದ್ದು ಸುಳ್ಳಲ್ಲ, ಬಂದರು. ನಮ್ಮ ಸಾಮಾನು ಬೇಕಾದವರು ಅದರಲ್ಲಿ ಇರಲಿಲ್ಲ.

ಒಂದು ಸಮಯದಲ್ಲಿ ಮಾತ್ರ ಮಾಲ್ ಅಂಗಡಿ ನಮ್ಮ ಕೈಹಿಡಿಯಿತು. 2016ರ ನವೆಂಬರ್ 8ರ ನೋಟು ರದ್ದತಿಯ ನಂತರದ ಎರಡು ತಿಂಗಳು. ಹಳೆ ಅಂಗಡಿಯಲ್ಲಿ ಎಲ್ಲ ನಗದು, ಚಿಲ್ಲರೆ ಇಲ್ಲದೆ ಗಿರಾಕಿಗಳು ವಾಪಸ್ ಹೋಗುತ್ತಿದ್ದರು. ಮಾಲ್‌ನಲ್ಲಿ ಕಾರ್ಡ್ ಮಿಷಿನ್ ಇತ್ತು. ಆ ಎರಡು ತಿಂಗಳು ಅಲ್ಲಿನ ವ್ಯಾಪಾರ ಏರಿತು, ಮಾವ ನಮ್ಮ ತೀರ್ಮಾನ ಸರಿ ಅಂತ ತುಂಬ ಖುಷಿಪಟ್ಟರು. ಈಗ ಪೇಟೆಯಲ್ಲಿ ಹೂ ಮಾರುವವರ ಹತ್ತಿರವೂ ಕ್ಯೂಆರ್ ಕೋಡ್ ಇದೆ. ಆ ವ್ಯತ್ಯಾಸ ಅಳಿಸಿಹೋಯಿತು.

ಮಾಲ್ ಸರಿ ಮಾಡಿದ್ದು

ಇಷ್ಟು ಬರೆದೆ ಅಂತ ನಾನು ಮಾಲ್ ವಿರೋಧಿ ಅಂತ ತಿಳಿಯಬೇಡಿ. ಮಾಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು, ಮುಚ್ಚಿದ ಮೇಲೆ ಹಳೆ ಅಂಗಡಿಗೆ ಬಾ ಅಂತ ಕರೆದೆವು. ಎರಡು ದಿನ ಬಂದಳು, ಮೂರನೇ ದಿನ "ಅಕ್ಕ, ನನಗೆ ಆಗುವುದಿಲ್ಲ" ಅಂದಳು. ಕಾರಣ ಕೇಳಿದರೆ ಮೊದಲು ಹೇಳಲಿಲ್ಲ. ಆಮೇಲೆ ಹೇಳಿದಳು, ಟಾಯ್ಲೆಟ್. ಮಾಲ್‌ನಲ್ಲಿ ಯಾವಾಗ ಬೇಕಾದರೂ ಹೋಗಬಹುದು, ಸ್ವಚ್ಛ ಇರುತ್ತದೆ, ಬಾಗಿಲಿಗೆ ಚಿಲಕ ಇರುತ್ತದೆ. ಇಲ್ಲಿ ಬೆಳಗ್ಗೆಯಿಂದ ನೀರು ಕುಡಿಯದೆ ಕೂರಬೇಕು.

ನಾನು ಹತ್ತು ವರ್ಷದಿಂದ ಆ ಅಂಗಡಿಗೆ ಹೋಗಿ ಬರುತ್ತಿದ್ದೆ, ನಾನೂ ನೀರು ಕುಡಿಯುತ್ತಿರಲಿಲ್ಲ. ಅದು ಒಂದು ಸಮಸ್ಯೆ ಅಂತ ನನಗೆ ಅನಿಸಿಯೇ ಇರಲಿಲ್ಲ, ಪೇಟೆ ಅಂದರೆ ಹಾಗೆಯೇ ಅಂತ ಇದ್ದುಬಿಟ್ಟಿದ್ದೆ. ಅವಳು ಹೇಳಿದ ಮೇಲೆ ಲೆಕ್ಕ ಹಾಕಿ ನೋಡಿದೆ. ಪೇಟೆಗೆ ಬರುವ ಹೆಂಗಸರಿಗೆ ಮಾಲ್ ಕೊಟ್ಟದ್ದು ಏನು? ಚೊಕ್ಕ ಶೌಚಾಲಯ. ದುಡ್ಡು ಕೊಡದೆ ಕೂರಲು ಒಂದು ಬೆಂಚು. ಮಂಡಿನೋವು ಇರುವವರಿಗೆ ಲಿಫ್ಟ್. ಮಳೆಯಲ್ಲಿ ಒದ್ದೆಯಾಗದ, ಕಲ್ಲುಚಪ್ಪಡಿ ಅಲುಗಾಡದ ನೆಲ. ರಾತ್ರಿ ಎಂಟು ಗಂಟೆಗೂ ಬೆಳಕು. ಇದರಲ್ಲಿ ಯಾವುದೂ ಐಷಾರಾಮ ಅಲ್ಲ. ಊರಿನ ರಸ್ತೆಯಲ್ಲಿ ಇರಬೇಕಾದದ್ದು. ರಸ್ತೆಯಲ್ಲಿ ಇಲ್ಲದ್ದರಿಂದ ಮಾಲ್ ಅದನ್ನು ಒಳಗಿಟ್ಟು, ಅಂಗಡಿಯವರಿಂದ ಚದರ ಅಡಿಗೆ 18 ರೂಪಾಯಿ ವಸೂಲಿ ಮಾಡುತ್ತಿತ್ತು. ಕ್ಯಾಮ್ ಚಾರ್ಜ್ ಬಗ್ಗೆ ಮಾವ ಎಷ್ಟು ಗೊಣಗಿದರೂ ನನಗೆ ಅದು ಅನ್ಯಾಯ ಅನಿಸಲಿಲ್ಲ. ಕೊಟ್ಟ ದುಡ್ಡಿಗೆ ಕೆಲಸ ಕಾಣುತ್ತಿತ್ತು.

ನಮ್ಮ ಚಿಕ್ಕಮ್ಮನ ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಇದ್ದಾಳೆ. ಅಲ್ಲಿ ಸಂತಾನಾ ರೋ ಅಂತ ಒಂದು ಜಾಗ ಇದೆ, 2002ರಲ್ಲಿ ಶುರುವಾದದ್ದು. ನೋಡಿದರೆ ಮಾಲ್ ಅನಿಸುವುದಿಲ್ಲ, ಪೇಟೆ ಬೀದಿಯ ಹಾಗೆ. ಕೆಳಗೆ ಅಂಗಡಿ, ಹೋಟೆಲ್, ಮೇಲೆ ಮನೆಗಳು, ಬದಿಯಲ್ಲಿ ಮರ, ಬೆಂಚು. ಆದರೆ ಇಡೀ ಬೀದಿ ಒಂದೇ ಕಂಪನಿಯದು. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಊರಿನ ನಿಜವಾದ ಹಳೆ ಪೇಟೆ. ಮಾತು ಬಂದಾಗ ಅವಳು ಹೇಳುವುದು ಇಷ್ಟು: ಚಂದ ನೋಡಬೇಕಾದರೆ ಸಂತಾನಾ ರೋ, ಆದರೆ ಅಲ್ಲಿ ಒಂದು ಚಪ್ಪಲಿ ಹೊಲಿಸಲು ಆಗುವುದಿಲ್ಲ. ನನಗೆ ಇದು ಸರಿ ಅನಿಸುತ್ತದೆ. ಒಬ್ಬನೇ ಮಾಲೀಕ ಇದ್ದರೆ ಅವನು ಬಾಡಿಗೆ ಹೆಚ್ಚು ಕೊಡುವವರನ್ನೇ ಆರಿಸುತ್ತಾನೆ. ಟೈಲರ್, ಕೊಡೆ ರಿಪೇರಿಯವರು, ಹುಕ್-ಗುಂಡಿ ಮಾರುವವರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಹಳೆ ಪೇಟೆಯಲ್ಲಿ ನೂರು ಮಾಲೀಕರು, ನೂರು ಥರದ ಬಾಡಿಗೆ. ಹಾಗಾಗಿ ಮೆಟ್ಟಿಲ ಕೆಳಗಿನ ನಾಲ್ಕಡಿ ಜಾಗದಲ್ಲೂ ಯಾರೋ ಒಬ್ಬರು ವಾಚ್ ರಿಪೇರಿ ಮಾಡಿಕೊಂಡು ಬದುಕುತ್ತಾರೆ.

ಕೆಳಗೆ ಅಂಗಡಿ ಮೇಲೆ ಮನೆ ಅನ್ನುವುದು ನಮಗೆ ಹೊಸದಾ? ರಥಬೀದಿಯಲ್ಲಿ, ಭವಂತಿ ಸ್ಟ್ರೀಟಿನಲ್ಲಿ ಹಳೆ ಹೆಂಚಿನ ಮನೆಗಳು ಹಾಗೆಯೇ ಇದ್ದದ್ದು. ಈಗ ಅದನ್ನೇ ಮಿಕ್ಸೆಡ್ ಯೂಸ್ ಅಂತ ಬ್ರೋಷರ್‌ನಲ್ಲಿ ಹಾಕುತ್ತಾರೆ. ಬೆಂಗಳೂರಿನ ಬ್ರಿಗೇಡ್ ಗೇಟ್‌ವೇಯಲ್ಲಿ ಮನೆ, ಆಫೀಸು, ಹೋಟೆಲು, ಓರಾಯನ್ ಮಾಲ್ ಎಲ್ಲ ಒಂದೇ ಕಾಂಪೌಂಡಿನಲ್ಲಿ ಇವೆ. ಅಲ್ಲಿಂದ ಮಲ್ಲೇಶ್ವರದ ಎಂಟನೇ ಕ್ರಾಸ್ ಬಹಳ ದೂರ ಇಲ್ಲ. ಎಂಟನೇ ಕ್ರಾಸ್‌ನಲ್ಲಿ ಇವತ್ತೂ ಹಬ್ಬದ ಹಿಂದಿನ ದಿನ ಕಾಲಿಡಲು ಜಾಗ ಇರುವುದಿಲ್ಲ. ವೆಂಕಟರಮಣ ದೇವಸ್ಥಾನದ ಕೊಡಿಯಾಲ್ ತೇರಿನ ದಿನ ನಮ್ಮ ರಥಬೀದಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಮಾಲ್ ಬಂದ ಮಾತ್ರಕ್ಕೆ ಪೇಟೆ ಸಾಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದರಲ್ಲೂ ಮಂಗಳೂರಿನ ಮಾಲ್‌ಗಳು ಅಮೆರಿಕದ ಹಾಗೆ ಊರ ಹೊರಗೆ ಇಲ್ಲ. ಒಂದು ಕೆ.ಎಸ್. ರಾವ್ ರಸ್ತೆಯಲ್ಲೇ ಇದೆ, ಇನ್ನೊಂದು ಪಾಂಡೇಶ್ವರದಲ್ಲಿ, ಸ್ಟೇಟ್ ಬ್ಯಾಂಕಿನಿಂದ ನಡೆದೇ ಹೋಗಬಹುದು.

ನಮ್ಮ ಹಳೆ ಅಂಗಡಿಗೆ ನಿಜವಾದ ಪೆಟ್ಟು ಬಿದ್ದದ್ದು ಮಾಲ್‌ನಿಂದ ಅಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಸಮಯದಲ್ಲಿ ಸೆಂಟ್ರಲ್ ಮಾರ್ಕೆಟ್ ಮುಚ್ಚಿ ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಹೋಯಿತು. ಲಾಕ್‌ಡೌನ್ ಮುಗಿದ ಮೇಲೆ ನಾವು ಬಾಗಿಲು ತೆರೆದು ಕೂತೆವು. ಬಸ್ಸು ಬಂತು, ಜನ ಇಳಿದರು, ಆದರೆ ನಮ್ಮ ದಾರಿಗೆ ಬರಲಿಲ್ಲ. ತರಕಾರಿಗೆ ಬರುವವರೇ ಬ್ಲೌಸ್ ಪೀಸಿಗೂ ಬರುತ್ತಿದ್ದದ್ದು ಅಂತ ಆಗ ಕಣ್ಣಿಗೆ ಹೊಡೆದ ಹಾಗೆ ಕಂಡಿತು. ದಿನಕ್ಕೆ 90 ಇದ್ದ ಬಿಲ್ 50ಕ್ಕೆ ಇಳಿಯಿತು. ಕೊರೋನಾದ ಪಾಲು ಅದರಲ್ಲಿ ಎಷ್ಟು, ಮಾರ್ಕೆಟ್ ಹೋದದ್ದರ ಪಾಲು ಎಷ್ಟು ಅಂತ ಬೇರೆ ಮಾಡಲು ಬರುವುದಿಲ್ಲ. ಆದರೆ ಮದುವೆಗಳು ಮತ್ತೆ ಶುರುವಾದ ಮೇಲೂ ಆ ಸಂಖ್ಯೆ ಹಳೆ ಮಟ್ಟಕ್ಕೆ ಹೋಗಲೇ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಮಾಲ್ ಬರುತ್ತದೆ ಅಂತ ಹೆದರುವುದಕ್ಕಿಂತ ಪೇಟೆಯ ಒಳಗೆ ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ನೋಡಬೇಕು. ಮಾರ್ಕೆಟ್, ಬಸ್ ಸ್ಟ್ಯಾಂಡ್, ಆಸ್ಪತ್ರೆ, ಇವುಗಳಲ್ಲಿ ಒಂದನ್ನು ಕಿತ್ತರೆ ಅದನ್ನು ನಂಬಿದ ಸಣ್ಣ ಅಂಗಡಿಗಳು ಹೆಸರಿಲ್ಲದೆ ಹೋಗುತ್ತವೆ. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಹಂಪನಕಟ್ಟೆಯಲ್ಲಿ ಗಡಿಯಾರ ಗೋಪುರ ಮತ್ತೆ ಎದ್ದು ನಿಂತಿತು, ಚಂದವಾಗಿಯೇ ಇದೆ. ಅದರ ಸುತ್ತ ಹೆಂಗಸರಿಗೆ ಒಂದು ಒಳ್ಳೆ ಶೌಚಾಲಯ, ಮಳೆಗೆ ನಿಲ್ಲಲು ಉದ್ದದ ಸೂರು, ಸರಿಯಾದ ಕಾಲುದಾರಿ, ಇವು ನನಗೆ ಗೋಪುರಕ್ಕಿಂತ ಮೊದಲು ಬೇಕಿತ್ತು.

ಮಾಲ್‌ನಲ್ಲಿ ಅಂಗಡಿ ಹಿಡಿಯುವುದು ತಪ್ಪು ಅಂತ ಹೇಳುತ್ತಿಲ್ಲ. ರೆಡಿಮೇಡ್ ಬಟ್ಟೆ, ಮೊಬೈಲ್ ಕವರ್, ಆಟಿಕೆ, ತಿಂಡಿ, ಅಂದರೆ ಸುಮ್ನೆ ತಿರುಗುತ್ತಾ ಇರುವಾಗ ಕಣ್ಣಿಗೆ ಬಿದ್ದರೆ ತಗೊಳ್ಳುವ ಸಾಮಾನು ಇದ್ದರೆ ಅಲ್ಲಿ ನಡೆಯುತ್ತದೆ. ನಮ್ಮ ಪಕ್ಕದ ಕಿವಿಯೋಲೆ ಅಂಗಡಿಯವರು ನಮ್ಮಷ್ಟೇ ಜಾಗದಲ್ಲಿ ಚೆನ್ನಾಗಿ ದುಡಿದರು. ಸಹಿ ಹಾಕುವ ಮೊದಲು ಒಂದು ವಾರ ನಿಮ್ಮ ಈಗಿನ ಅಂಗಡಿಗೆ ಬರುವ ಪ್ರತಿ ಗಿರಾಕಿಯನ್ನು "ಎಲ್ಲಿಂದ ಬಂದ್ರಿ, ಇಲ್ಲಿಂದ ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿ ಬರೆದಿಡಿ. ನಾವು ಅದನ್ನು ಮಾಡಿದ್ದು ಮಾಲ್ ಅಂಗಡಿ ಮುಚ್ಚಿದ ಮೇಲೆ.

ಮಾಲ್‌ನಿಂದ ವಾಪಸ್ ಬರುವಾಗ ಮಾವ ಪ್ಲೈವುಡ್ ಕಪಾಟುಗಳನ್ನು ಬಿಚ್ಚಿ ತಂದರು. ಅದೇ ಹಲಗೆಯಲ್ಲಿ ಅಂಗಡಿಯ ಹಿಂದಿನ ಗೋಡೌನ್ ಮೂಲೆಯಲ್ಲಿ ಒಂದು ಅಡ್ಡಗೋಡೆ ಮಾಡಿಸಿ, ಪೈಪ್ ಎಳೆಸಿ, ಸಣ್ಣ ಟಾಯ್ಲೆಟ್ ಕಟ್ಟಿಸಿದೆವು. ಕೆಲಸದವರಿಗೂ ಗಿರಾಕಿಗಳಿಗೂ. ಎರಡು ಸ್ಟೂಲ್ ಬಾಗಿಲ ಹತ್ತಿರ ಇಟ್ಟಿದ್ದೇವೆ, ಮಳೆಗಾಲದಲ್ಲಿ ಕೊಡೆ ಇಡಲು ಒಂದು ಬಕೆಟ್. ಈಗ ಅಕ್ಕಪಕ್ಕದ ನಾಲ್ಕು ಅಂಗಡಿಗಳ ಹುಡುಗಿಯರೂ ಅದೇ ಟಾಯ್ಲೆಟ್‌ಗೆ ಬರುತ್ತಾರೆ, ಆ ಅಂಗಡಿಯವರು ತಿಂಗಳಿಗೆ ಇಷ್ಟು ಅಂತ ಗುಡಿಸುವವರ ಸಂಬಳಕ್ಕೆ ಪಾಲು ಕೊಡುತ್ತಾರೆ. "ಇದೂ ಕ್ಯಾಮ್ ಚಾರ್ಜೇ ಅಲ್ವಾ?" ಅಂತ ಅತ್ತೆ ಕೇಳಿದರು. ಹೌದು ಅಂದೆ, ಲೆಕ್ಕದ ಪುಸ್ತಕದಲ್ಲಿ ಅದೇ ಹೆಸರಿನಲ್ಲಿ ಬರೆಯುತ್ತಿದ್ದೇನೆ.